ಮನೆಯಿಂದ ಬಣವೆಗೆ ಎಷ್ಟು ಹೆಜ್ಜೆ?

ವಿಭೂತಿ ಬುಧವಾರ ಬಂತೆಂದರೆ ವಿಜಯಪುರದ ಕಡೆ ಬೆಂಕಿಯ ಕಾಲ ಬಂತೆಂದೇ ಲೆಕ್ಕ. ಬಿಳಿಜೋಳದ ರಾಶಿ ನಡೆದಿರುತ್ತದೆ. ಕಣಕಿ ಒಣಗಿ ಬಣವೆಯಾಗುತ್ತದೆ. ಕಡಲೆಯ ಹೊಟ್ಟು, ತೊಗರಿಯ ಕಟ್ಟಿಗೆ ಹಿತ್ತಲು ಸೇರುತ್ತವೆ. ಕಬ್ಬು ಕಡಿದ ಹೊಲದಲ್ಲಿ ರವದಿ ಮೊಣಕಾಲುದ್ದ ಬಿದ್ದಿರುತ್ತದೆ. ಬದುವಿನ ಹುಲ್ಲು ಮುಟ್ಟಿದರೆ ಮುರಿಯುತ್ತದೆ. ತಪಸ್ಸುಕಾಲ ಮುಗಿದು ಪಾಸ್ಖ ಹಬ್ಬ ಬರುವಷ್ಟರಲ್ಲಿ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಬಂದಿರುತ್ತದೆ, ಮಧ್ಯಾಹ್ನದ ಗಾಳಿಗೆ ಹೊಲದ ಧೂಳು ಸುತ್ತಿ ಸುತ್ತಿ ಏಳುತ್ತದೆ. ಇಂಥ ದಿನಗಳಲ್ಲಿ ಆರಿಸದೆ ಎಸೆದ ಒಂದು ಬೀಡಿಯ ತುಂಡು ಸಾಕು.

ಕಾಡ್ಗಿಚ್ಚು ಎಂದೊಡನೆ ನಮಗೆ ನೆನಪಾಗುವುದು ಬಂಡೀಪುರ. 2019ರ ಫೆಬ್ರವರಿಯಲ್ಲಿ ಅಲ್ಲಿ ಹತ್ತಿದ ಬೆಂಕಿ ಕೆಲವೇ ದಿನಗಳಲ್ಲಿ 10,000 ಎಕರೆಗೂ ಮಿಕ್ಕಿ ಕಾಡನ್ನು ಸುಟ್ಟಿತು. ವಾಯುಪಡೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿಯಬೇಕಾಯಿತು. ಆ ಸುದ್ದಿ ಓದಿದಾಗ ‘ನಮ್ಮ ಕಡೆ ಕಾಡೇ ಇಲ್ಲ, ನಮಗೇಕೆ ಆ ಭಯ’ ಎಂದು ನಮ್ಮಲ್ಲಿ ಅನೇಕರು ಅಂದುಕೊಂಡಿರಬಹುದು. ದಟ್ಟ ಕಾಡು ಇಲ್ಲ, ನಿಜ. ಆದರೆ ಬೆಂಕಿಗೆ ಮರವೇ ಬೇಕೆಂದಿಲ್ಲ. ಒಣಗಿದ್ದು, ಗಾಳಿಯಾಡುವಂಥದ್ದು, ಒಂದಕ್ಕೊಂದು ಹತ್ತಿಕೊಂಡಿರುವಂಥದ್ದು ಯಾವುದಾದರೂ ಆದೀತು. ಬಲಿತ ಕಬ್ಬಿನ ಹೊಲಕ್ಕೆ ಬೆಂಕಿ ಬಿದ್ದದ್ದನ್ನು ಒಮ್ಮೆ ಕಂಡವರು ಅದನ್ನು ಕಾಡ್ಗಿಚ್ಚಿಗಿಂತ ಕಡಿಮೆ ಎಂದು ಹೇಳಲಾರರು.

ಅದೂ ಅಲ್ಲದೆ ನಮ್ಮ ನೆಲವೇ ಬದಲಾಗಿದೆ. ತಿಕೋಟಾ, ಬಬಲೇಶ್ವರ ಎರಡೂ 2018ರಲ್ಲಿ ತಾಲ್ಲೂಕುಗಳಾದವು. ಏತ ನೀರಾವರಿಯ ನೀರು ಬಂದಲ್ಲೆಲ್ಲ ಮಳೆಯನ್ನೇ ನಂಬಿದ್ದ ಎರೆಹೊಲಗಳಲ್ಲಿ ಕಬ್ಬು ಎದ್ದಿತು. ತಿಕೋಟಾದ ಸುತ್ತ ದ್ರಾಕ್ಷಿಯೂ ಒಣದ್ರಾಕ್ಷಿಯ ಶೆಡ್ಡುಗಳೂ ಹಬ್ಬಿದವು. ನೀರಿನ ಹಿಂದೆ ಮನೆಗಳೂ ಹೋದವು. ಊರೊಳಗೆ ಒತ್ತೊತ್ತಾಗಿದ್ದ ಕುಟುಂಬಗಳು ತೋಟದ ವಸ್ತಿಗೆ ಹೋಗಿ ನಿಂತವು. ಊರಲ್ಲಿ ಬೆಂಕಿ ಎಂದು ಕೂಗಿದರೆ ಐವತ್ತು ಜನ ಕೊಡ ಹಿಡಿದು ಓಡಿಬರುತ್ತಿದ್ದರು. ವಸ್ತಿಯಲ್ಲಿ ಕೂಗಿದರೆ ಪಕ್ಕದ ವಸ್ತಿಗೆ ಕೇಳಿಸಿದ್ದೇ ಪುಣ್ಯ. ವಿಜಯಪುರದಿಂದ ಅಗ್ನಿಶಾಮಕ ಗಾಡಿ ಬರಬೇಕೆಂದರೆ ತಿಕೋಟಾಕ್ಕೆ ಸುಮಾರು 20 ಕಿಲೋಮೀಟರ್, ಬಬಲೇಶ್ವರಕ್ಕೆ 25ರ ಹತ್ತಿರ. ಅಲ್ಲಿಂದ ಮುಂದೆ ಹೊಲದ ದಾರಿ ಬೇರೆ. ಒಣ ಬಣವೆಯೊಂದು ಪೂರ್ತಿ ಹೊತ್ತಿಕೊಳ್ಳಲು ಅಷ್ಟು ಹೊತ್ತು ಬೇಕಿಲ್ಲ. ಆದ್ದರಿಂದ ವಸ್ತಿಯ ಮನೆ ಉಳಿಯುವುದೋ ಬಿಡುವುದೋ ಎಂಬುದು ಬೆಂಕಿ ಬಂದ ದಿನ ತೀರ್ಮಾನವಾಗುವುದಿಲ್ಲ. ಅದಕ್ಕೂ ಒಂದು ತಿಂಗಳು ಮೊದಲೇ, ಬಣವೆಯನ್ನು ಎಲ್ಲಿ ಒಟ್ಟಿದೆವು ಎಂಬಲ್ಲಿಯೇ ತೀರ್ಮಾನವಾಗಿರುತ್ತದೆ.

ಕಿಡಿ ಕಲಿಸಿದ ಪಾಠ

ಆಸ್ಟ್ರೇಲಿಯಾ ದೇಶದವರು 1983ರ ಫೆಬ್ರವರಿ 16ರ ಬೆಂಕಿಗೆ ‘ವಿಭೂತಿ ಬುಧವಾರದ ಬೆಂಕಿ’ ಎಂದೇ ಹೆಸರಿಟ್ಟಿದ್ದಾರೆ. ಆ ವರ್ಷ ವಿಭೂತಿ ಬುಧವಾರ ಅದೇ ದಿನ ಬಿದ್ದಿತ್ತು. ದೇಶದ ಆಗ್ನೇಯ ಭಾಗದಲ್ಲಿ ಒಂದೇ ದಿನ ನೂರಕ್ಕೂ ಹೆಚ್ಚು ಕಡೆ ಬೆಂಕಿ ಎದ್ದು 75 ಜನ ಸತ್ತರು, 2,000ಕ್ಕಿಂತ ಹೆಚ್ಚು ಮನೆಗಳು ಸುಟ್ಟುಹೋದವು. ಬೆಂಕಿ ಆರಿದ ಮೇಲೆ ತಜ್ಞರು ಸುಟ್ಟ ಮನೆಗಳನ್ನೂ ಉಳಿದ ಮನೆಗಳನ್ನೂ ನೋಡುತ್ತ ಹೋದರು. ಒಂದೇ ಬೀದಿಯಲ್ಲಿ ಒಂದು ಮನೆ ಬೂದಿಯಾಗಿದೆ, ಪಕ್ಕದ್ದು ನಿಂತಿದೆ, ಹೀಗೇಕೆ? ಅವರಿಗೆ ಕಂಡದ್ದು ಇದು: ಬಹುಪಾಲು ಮನೆಗಳನ್ನು ಸುಟ್ಟದ್ದು ಎದುರಿಗೆ ಬಂದ ದೊಡ್ಡ ಜ್ವಾಲೆಯಲ್ಲ. ಗಾಳಿಯಲ್ಲಿ ಹಾರಿಬಂದ ಕಿಡಿಗಳು ಮಾಡಿನ ಸಂದಿಗೋ, ಕಿಟಕಿಯ ಒಳಗೋ, ಗೋಡೆಗೆ ಒರಗಿಸಿದ ಕಟ್ಟಿಗೆಯ ರಾಶಿಗೋ ಬಿದ್ದು, ಮೆಲ್ಲನೆ ಹೊತ್ತಿ, ಬೆಂಕಿಯ ಸಾಲು ಮುಂದೆ ಹೋದ ಎಷ್ಟೋ ಹೊತ್ತಿನ ಮೇಲೆ ಮನೆಯನ್ನು ಸುಟ್ಟಿದ್ದವು. 2018ರ ನವೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಎಂಬ ಊರು ಸುಟ್ಟಾಗಲೂ ಹಾಗೆಯೇ. ಮನೆಗಳು ನೆಲಸಮವಾಗಿದ್ದವು, ಅವುಗಳ ನಡುವಿನ ಮರಗಳಲ್ಲಿ ಅನೇಕವು ಇನ್ನೂ ಹಸಿರಾಗಿದ್ದವು. ಊರಿನ ಹೆಸರಿಗೆ ಸ್ವರ್ಗವನವೆಂದೇ ಅರ್ಥ. 85 ಜನ ಅಲ್ಲಿ ಪ್ರಾಣ ಬಿಟ್ಟರು.

ನಮ್ಮ ಹಿರಿಯರಿಗೂ ಈ ಕಿಡಿಯ ವಿಷಯ ತಿಳಿದೇ ಇತ್ತು. ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಗಟ್ಟಿ ಬಾಗಿಲು. ಅಂಥ ಮನೆಯ ಮೇಲೆ ಕಿಡಿ ಬಿದ್ದರೆ ಮಣ್ಣಿನಲ್ಲೇ ಸಾಯುತ್ತದೆ. ಆದರೆ ಮಳೆಗಾಲದಲ್ಲಿ ಮಾಳಿಗೆಯ ಮೇಲೆ ಹುಟ್ಟಿದ ಹುಲ್ಲನ್ನು ಕೆತ್ತದೆ ಬಿಟ್ಟರೆ ಬೇಸಿಗೆಗೆ ಅದೇ ಉರುವಲು. ಬೆಳಕಿಂಡಿ ತೆರೆದೇ ಇದ್ದರೆ ಕಿಡಿ ನೇರವಾಗಿ ಒಳಗಿನ ಹಾಸಿಗೆಯ ಮೇಲೆ ಇಳಿಯುತ್ತದೆ. ಇವೆರಡೂ ಅರ್ಧ ದಿನದ ಕೆಲಸ: ಹುಲ್ಲು ಕೆತ್ತಿ ಮಣ್ಣು ಬಳಿಯುವುದು, ಬೆಳಕಿಂಡಿಗೆ ಸಣ್ಣ ಕಣ್ಣಿನ ತಂತಿಜಾಳಿಗೆ ಹಾಕುವುದು. ಪತ್ರಾಸ್ ಶೆಡ್ಡಿನಲ್ಲಿ ಇರುವವರು ತಗಡಿಗೂ ಗೋಡೆಗೂ ನಡುವಿನ ಸಂದಿಯನ್ನು ನೋಡಬೇಕು. ಅಲ್ಲಿ ಗುಬ್ಬಿಯ ಗೂಡು, ಹುಲ್ಲು, ಹಳೆಯ ಬಟ್ಟೆ ಸಿಕ್ಕಿಕೊಂಡಿರುತ್ತವೆ.

2, 12, 40

ಮನೆಯ ಗೋಡೆಯಿಂದ ಹೆಜ್ಜೆ ಹಾಕುತ್ತ ಹೊರಟರೆ ಮೊದಲ 2 ಹೆಜ್ಜೆಯ ನೆಲ ಎಲ್ಲಕ್ಕಿಂತ ಮುಖ್ಯ. ಇಲ್ಲಿ ಹೊತ್ತುವಂಥದ್ದು ಏನೂ ಇರಕೂಡದು. ಕುಳ್ಳು, ಕಟ್ಟಿಗೆ, ಗೋಣಿಚೀಲ, ಪೊರಕೆ, ಸುತ್ತಿಟ್ಟ ಡ್ರಿಪ್ ಪೈಪು, ಖಾಲಿ ಹಣ್ಣಿನ ಕ್ರೇಟು ಎಲ್ಲವನ್ನೂ ಆಚೆ ಸಾಗಿಸಬೇಕು. ಬರೀ ಮಣ್ಣು, ಕಲ್ಲು, ಗರಸು ಇದ್ದರೆ ಲೇಸು. ಅಂಗಳ ಸಾರಿಸಿ ಗುಡಿಸುವ ತಾಯಂದಿರು ಮುಂಬಾಗಿಲಲ್ಲಿ ಈ ಕೆಲಸವನ್ನು ದಿನವೂ ಮಾಡಿಯೇ ಇರುತ್ತಾರೆ, ಕೊರತೆಯಾಗುವುದು ಹಿತ್ತಲಲ್ಲಿ.

ಅಲ್ಲಿಂದ 12 ಹೆಜ್ಜೆಯವರೆಗೆ ಗಿಡಮರ ಇರಲಿ, ಆದರೆ ಒಣಹುಲ್ಲು ಬೇಡ, ಒಣ ಮುಳ್ಳಿನ ಬೇಲಿ ಬೇಡ. ಬೇವಿನ ಮರದ ಕೆಳಗಿನ ತರಗೆಲೆ ವಾರಕ್ಕೊಮ್ಮೆಯಾದರೂ ಗುಡಿಸಿ ತಿಪ್ಪೆಗೆ ಹಾಕಿರಿ. ಮಾಡಿಗೆ ತಾಗುವ ಟೊಂಗೆ ಕಡಿಯಿರಿ. ಬಳ್ಳಾರಿ ಜಾಲಿಯ ಒಣಮುಳ್ಳಿನ ಬೇಲಿ ಮನೆಯ ಗೋಡೆಯವರೆಗೂ ಬಂದಿದ್ದರೆ ಅದು ಹೊಲದ ಬೆಂಕಿಯನ್ನು ಮನೆಗೆ ಕರೆತರುವ ದಾರಿ.

40 ಹೆಜ್ಜೆ ಎಂದರೆ ಸುಮಾರು 100 ಅಡಿ. ಬಣವೆ ಅದರಾಚೆ ಇರಬೇಕು. ಇಲ್ಲಿಯೇ ಮಾತು ಬಿಗಿಯಾಗುವುದು. ‘ಯಜ್ಜಾ, ಬಣಮಿ ಯಾಕ ಗ್ವಾಡಿಗಿ ಹತ್ತೇ ಒಟ್ಟೀರಿ?’ ಎಂದು ಯಾವ ವಸ್ತಿಯಲ್ಲಿ ಕೇಳಿದರೂ ಉತ್ತರ ಒಂದೇ: ‘ದನಾ ಇಲ್ಲೇ ಅದಾವಲ್ಲೋ ತಮ್ಮಾ, ಮುಂಜಾನೆ ಸಂಜೀಕ ಹೊತ್ತು ತರಾವ್ರು ಯಾರು?’ ಅದೂ ಸರಿಯೇ. ಮನೆಯಲ್ಲಿ ಇಬ್ಬರೇ ಮುದುಕರು ಉಳಿದಿರುವಾಗ, ದಿನಕ್ಕೆ ಎರಡು ಹೊತ್ತು 40 ಹೆಜ್ಜೆ ದೂರದಿಂದ ಹೊರೆ ತರಬೇಕೆಂದು ಹೇಳುವುದು ಬರೆಯುವವರಿಗೆ ಸುಲಭ. ಆದ್ದರಿಂದ ಒಂದು ನಡುದಾರಿ. ದೊಡ್ಡ ಬಣವೆಯನ್ನು ದೂರ ಒಟ್ಟಿರಿ. ಎರಡು ಮೂರು ದಿನಕ್ಕೆ ಸಾಲುವಷ್ಟು ಕಣಕಿಯನ್ನು ಮಾತ್ರ, ಯಾರಾದರೂ ಗಟ್ಟಿ ಆಳು ಬಂದಾಗ, ಗೋದಲಿಯ ಹತ್ತಿರಕ್ಕೆ ತರಿಸಿಟ್ಟುಕೊಳ್ಳಿರಿ. ಒಂದೇ ದೊಡ್ಡ ಬಣವೆಯ ಬದಲು ಎರಡು ಸಣ್ಣವನ್ನು ದೂರ ದೂರ ಒಟ್ಟಿದರೆ ಒಂದು ಹೋದರೂ ದನಗಳ ಬಾಯಿಗೆ ಇನ್ನೊಂದು ಉಳಿಯುತ್ತದೆ. ವಿದ್ಯುತ್ ತಂತಿಯ ಕೆಳಗಂತೂ ಬಣವೆ ಬೇಡವೇ ಬೇಡ. ಗಾಳಿಗೆ ತಂತಿ ತಂತಿ ತಗಲಿ ಉದುರುವ ಕಿಡಿಯಿಂದ ಸುಟ್ಟ ಬಣವೆಗಳಿಗೆ, ಕಬ್ಬಿನ ಹೊಲಗಳಿಗೆ ನಮ್ಮಲ್ಲಿ ಬರವಿಲ್ಲ. ತಂತಿ ಜೋತುಬಿದ್ದಿದ್ದರೆ ಹೆಸ್ಕಾಂ ಶಾಖೆಗೆ ಬರೆದೇ ಕೊಡಿರಿ, ಬರೆದದ್ದರ ಪ್ರತಿಗೆ ಸಹಿ ಹಾಕಿಸಿಕೊಂಡು ಇಟ್ಟುಕೊಳ್ಳಿರಿ. ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ.

ಬಣವೆಯ ಸುತ್ತ ಮೂರ್ನಾಲ್ಕು ಹೆಜ್ಜೆಯಗಲ ನೆಲವನ್ನು ಕುಂಟೆ ಹೊಡೆದು ಬರಿದು ಮಾಡಿದರೆ ಅದೇ ಬೆಂಕಿರೇಖೆ. ಅರಣ್ಯ ಇಲಾಖೆಯವರು ಬೇಸಿಗೆಗೆ ಮುಂಚೆ ಕಾಡಿನಲ್ಲಿ ಮಾಡುವುದೂ ಇದನ್ನೇ. ಇನ್ನೊಂದು ಮಾತು: ಹಸಿಯಿದ್ದಾಗಲೇ ಒತ್ತಿ ಒಟ್ಟಿದ ಮೇವು ಒಳಗೊಳಗೇ ಕಾಯುತ್ತದೆ, ಕೆಲವೊಮ್ಮೆ ತಾನೇ ಹೊತ್ತಿಕೊಳ್ಳುತ್ತದೆ. ಬಣವೆಯಿಂದ ಹುಳಿವಾಸನೆಯೋ ಆವಿಯೋ ಬಂದರೆ ಕಬ್ಬಿಣದ ಸಲಾಕೆ ತೂರಿಸಿ ಸ್ವಲ್ಪ ಹೊತ್ತು ಬಿಟ್ಟು ತೆಗೆದು ನೋಡಿರಿ. ಕೈಯಲ್ಲಿ ಹಿಡಿಯಲಾಗದಷ್ಟು ಕಾದಿದ್ದರೆ ನೀರು ಸಿದ್ಧವಿಲ್ಲದೆ ಬಣವೆ ಕೆದರಬೇಡಿರಿ. ಗಾಳಿ ಸಿಕ್ಕೊಡನೆ ಉರಿ ಏಳುತ್ತದೆ.

ಒಲೆಯ ಬೂದಿಯ ವಿಷಯ ಹೇಳದಿದ್ದರೆ ತಪ್ಪಾದೀತು. ಮೇಲೆ ಬೆಳ್ಳಗೆ ತಣ್ಣಗೆ ಕಾಣುವ ಬೂದಿಯೊಳಗೆ ಕೆಂಡ ರಾತ್ರಿಯಿಡೀ ಜೀವಂತವಾಗಿರುತ್ತದೆ. ಹಂಡೆಯ ಒಲೆಯ ಬೂದಿಯನ್ನು ಮುಂಜಾನೆ ಬಳಿದು ತಿಪ್ಪೆಗೆ ಚೆಲ್ಲಿದರೆ, ಮಧ್ಯಾಹ್ನದ ಗಾಳಿ ಉಳಿದ ಕೆಲಸವನ್ನು ಮಾಡುತ್ತದೆ. ಬೂದಿಗೆ ನೀರು ಹಾಕಿ ಕಲಸಿ ಹಾಕಿರಿ. ಮನೆಯ ಪೀಠದ ಮುಂದಿನ ಮೇಣದಬತ್ತಿಯೂ ಅಷ್ಟೇ: ಜಪಸರ ಮುಗಿದ ಮೇಲೆ ಆರಿಸಿಯೇ ಏಳಬೇಕು. ಪರದೆ, ಪ್ಲಾಸ್ಟಿಕ್ ಹೂವಿನ ಹಾರ ಹತ್ತಿರ ಇರಬಾರದು.

ದ್ರಾಕ್ಷಿ ಬೆಳೆಯುವವರ ಮನೆಯಲ್ಲಿ ಗಂಧಕ ಇದ್ದೇ ಇರುತ್ತದೆ. ಬೂದಿರೋಗಕ್ಕೆ ಅದನ್ನು ಹೊಡೆಯುತ್ತಾರೆ, ಒಣದ್ರಾಕ್ಷಿಗೆ ಹೊಂಬಣ್ಣ ಬರಲೆಂದು ಅದರ ಹೊಗೆ ಕೊಡುತ್ತಾರೆ. ಗಂಧಕ ಬೇಗ ಹೊತ್ತುತ್ತದೆ. ಅದರ ಹೊಗೆ ಕಣ್ಣು, ಶ್ವಾಸಕೋಶಗಳನ್ನು ಸುಡುತ್ತದೆ. ಅದನ್ನೂ ಡೀಸೆಲ್ ಕ್ಯಾನನ್ನೂ ಔಷಧದ ಡಬ್ಬಿಗಳನ್ನೂ ಮಲಗುವ ಕೋಣೆಯ ಮಂಚದ ಕೆಳಗೆ ಇಡುವ ಅಭ್ಯಾಸ ಇನ್ನಾದರೂ ನಿಲ್ಲಲಿ. ಹೊಗೆ ಕೊಡುವ ಶೆಡ್ಡನ್ನು ಬೆಂಕಿ ಹಚ್ಚಿಟ್ಟು ಬಿಟ್ಟು ಹೋಗಬಾರದು. ಸುತ್ತಲಿನ ಬಲೆ, ಪ್ಲಾಸ್ಟಿಕ್ ಹಾಳೆ ಎಲ್ಲ ಉರಿಯುವಂಥವೇ. ಹಾಗೆಯೇ ದ್ರಾಕ್ಷಿ ಬೆಳೆಗಾರರ ಬಳಿ ಒಂದು ಒಳ್ಳೆಯ ಸಾಧನವೂ ಇದೆ. ಔಷಧ ಹೊಡೆಯುವ ಟ್ರ್ಯಾಕ್ಟರಿನ ಟ್ಯಾಂಕನ್ನು ತೊಳೆದು, ಬೇಸಿಗೆಯ ದಿನಗಳಲ್ಲಿ ಬರಿ ನೀರು ತುಂಬಿ ನಿಲ್ಲಿಸಿದರೆ ಅದು ವಸ್ತಿಯ ಪುಟ್ಟ ಅಗ್ನಿಶಾಮಕ ಗಾಡಿ. ಬೆಂಕಿಯ ಹೊತ್ತಿನಲ್ಲಿ ಕರೆಂಟು ಇರುವ ಭರವಸೆಯಿಲ್ಲ, ಕೊಳವೆಬಾವಿಯ ಮೋಟರು ನಡೆಯದು. ಮೊದಲೇ ತುಂಬಿಟ್ಟ ನೀರೇ ನೀರು. ತೊಟ್ಟಿಯ ಹತ್ತಿರ ನಾಲ್ಕು ಕೊಡ, ತೋಯಿಸಲು ಗೋಣಿಚೀಲ ಇರಲಿ. ಹುಲ್ಲಿನ ಸಣ್ಣ ಬೆಂಕಿಗೆ ಹಸಿ ಬೇವಿನ ಟೊಂಗೆ ಎಲ್ಲಕ್ಕಿಂತ ಒಳ್ಳೆಯದು. ಎತ್ತಿ ಎತ್ತಿ ಬಡಿದರೆ ಕಿಡಿ ಹಾರುತ್ತದೆ, ಒತ್ತಿ ಹಿಡಿದು ಎಳೆಯಬೇಕು.

ವಿಜಯಪುರ ನಗರದಲ್ಲಿ ಇರುವವರಿಗೆ ಬಣವೆಯ ಚಿಂತೆ ಇಲ್ಲ. ಆದರೆ ಹೊಸ ಬಡಾವಣೆಗಳ ಖಾಲಿ ಸೈಟುಗಳಲ್ಲಿ ಎದೆಯುದ್ದ ಒಣಕಸ, ಅದರ ನಡುವೆ ಪ್ಲಾಸ್ಟಿಕ್, ಅದಕ್ಕೆ ಯಾರೋ ಸಂಜೆ ಹಚ್ಚುವ ಬೆಂಕಿ. ಪಕ್ಕದ ಮನೆಯ ಕಂಪೌಂಡಿನೊಳಗೆ ಗ್ಯಾಸ್ ಸಿಲಿಂಡರು, ಸ್ಕೂಟರು. ಸೈಟು ಯಾರದೇ ಇರಲಿ, ಬೀದಿಯವರು ಕೂಡಿ ಮಾರ್ಚ್ ತಿಂಗಳೊಳಗೆ ಕಸ ಕಡಿಸಿದರೆ ಮುಗಿಯಿತು.

ರವದಿಗೆ ಹಚ್ಚುವ ಬೆಂಕಿ ಯಾರದು?

ನಮ್ಮ ಭಾಗದಲ್ಲಿ ಹೊಲದ ಬೆಂಕಿ ಹೆಚ್ಚಾಗಿ ಆಕಾಶದಿಂದ ಬೀಳುವುದಿಲ್ಲ, ನಾವೇ ಹಚ್ಚುತ್ತೇವೆ. ಕಬ್ಬು ಕಡಿದ ಮೇಲೆ ರವದಿ ಸುಡುವುದು ಸುಲಭವಾದ ಕೆಲಸ. ಒಂದು ಕಡ್ಡಿ ಗೀರಿದರೆ ಒಂದು ತಾಸಿನಲ್ಲಿ ಹೊಲ ಸ್ವಚ್ಛ. ಅದರೊಂದಿಗೆ ಮಣ್ಣಿಗೆ ಸೇರಬೇಕಾದ ಗೊಬ್ಬರವೂ ಹೊಗೆಯಾಗಿ ಹೋಗುತ್ತದೆ. ರವದಿಯನ್ನು ಸಾಲಿನಲ್ಲಿ ಹಾಸಿದರೆ ತೇವ ಉಳಿದು ನೀರು ಮಿಗುತ್ತದೆ ಎಂದು ಕೃಷಿ ತಜ್ಞರು ಎಷ್ಟೋ ವರ್ಷದಿಂದ ಹೇಳುತ್ತಿದ್ದಾರೆ. ಆದರೆ ಇಲ್ಲಿ ನಮ್ಮ ವಿಷಯ ಮಣ್ಣಲ್ಲ, ನೆರೆಯವನ ಮನೆ.

ಪವಿತ್ರ ಗ್ರಂಥದ ವಿಮೋಚನಾಕಾಂಡದ 22ನೆಯ ಅಧ್ಯಾಯವನ್ನು ತೆರೆದು 6ನೆಯ ವಚನ ನೋಡಿರಿ. ಮುಳ್ಳುಬೇಲಿಗೆ ಹತ್ತಿದ ಬೆಂಕಿ ಹರಡಿ ಮತ್ತೊಬ್ಬನ ತೆನೆಯ ರಾಶಿಯನ್ನೋ ಬೆಳೆದು ನಿಂತ ಪೈರನ್ನೋ ಸುಟ್ಟರೆ, ಬೆಂಕಿ ಹಚ್ಚಿದವನೇ ಆ ನಷ್ಟವನ್ನು ತುಂಬಿಕೊಡಬೇಕು ಎಂಬುದು ಅಲ್ಲಿನ ಕಟ್ಟಳೆ. ‘ಗಾಳಿ ಬಂತು, ನಾನೇನು ಮಾಡಲಿ’ ಎಂಬ ನೆಪಕ್ಕೆ ಅಲ್ಲಿ ಜಾಗವಿಲ್ಲ. ಮೂರು ಸಾವಿರ ವರ್ಷಗಳ ಹಿಂದಿನ ಒಕ್ಕಲಿಗರಿಗೆ ಹೇಳಿದ ಮಾತು ಬಬಲೇಶ್ವರದ ಕಬ್ಬಿನ ಹೊಲಕ್ಕೆ ಇಷ್ಟು ಸರಿಯಾಗಿ ಹೊಂದುವುದು ಸೋಜಿಗವೇ.

1871ರ ಅಕ್ಟೋಬರ್ 8ರ ರಾತ್ರಿ ಅಮೆರಿಕದ ವಿಸ್ಕಾನ್ಸಿನ್ ಸೀಮೆಯ ಪೆಷ್ಟಿಗೊ ಎಂಬ ಊರಿನಲ್ಲಿ ಆದದ್ದು ಹೀಗೆಯೇ. ಬೇಸಿಗೆಯಿಡೀ ಮಳೆಯಿಲ್ಲ. ಹೊಲ ಹಸನು ಮಾಡುವ ರೈತರೂ ರೈಲುದಾರಿ ಹಾಕುವ ಕೂಲಿಗಳೂ ಅಲ್ಲಲ್ಲಿ ಹಚ್ಚಿದ ಸಣ್ಣ ಬೆಂಕಿಗಳು ವಾರಗಟ್ಟಲೆ ಹೊಗೆಯಾಡುತ್ತಿದ್ದವು. ಜನಕ್ಕೆ ಅದು ರೂಢಿಯಾಗಿಹೋಗಿತ್ತು. ಆ ರಾತ್ರಿ ಬಿರುಗಾಳಿ ಎದ್ದು ಅವೆಲ್ಲ ಒಂದಾದವು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿನ ವಿಚಾರಣಾ ಗುರು ಪೀಟರ್ ಪೆರ್ನಿನ್ ತಮ್ಮ ಪೆಟ್ಟಿಗೆಗಳನ್ನು ತೋಟದಲ್ಲಿ ತೋಡಿದ ಗುಂಡಿಗೆ ಹೂತು, ಪರಮಪ್ರಸಾದದ ಪೆಟ್ಟಿಗೆಯನ್ನು ಗಾಡಿಯ ಮೇಲಿಟ್ಟು ನದಿಗೆ ಎಳೆದೊಯ್ದರು. ದಂಡೆಯಲ್ಲಿ ಕಲ್ಲಾಗಿ ನಿಂತಿದ್ದ ಜನರನ್ನು ನೀರಿಗೆ ನೂಕಿ, ತಾವೂ ಇಳಿದು, ಗಂಟೆಗಟ್ಟಲೆ ತಲೆಗೆ ನೀರು ಹಾಕಿಕೊಳ್ಳುತ್ತ ನಿಂತು ಬದುಕಿದರು. ಅದನ್ನೆಲ್ಲ ಅವರೇ ಆಮೇಲೆ ಬರೆದಿಟ್ಟಿದ್ದಾರೆ. ಹೊಗೆ ರೂಢಿಯಾಗಿತ್ತು ಎಂಬ ಸಂಗತಿ ಮನಸ್ಸಿನಲ್ಲಿ ಕೂರಬೇಕಾದದ್ದು.

ಸುಡಲೇಬೇಕೆಂದು ಹಟ ಹಿಡಿದವರಿಗೆ ಇಷ್ಟಾದರೂ ಹೇಳೋಣ: ಗಾಳಿಯಿರುವ ಮಧ್ಯಾಹ್ನ ಬೇಡ, ಸುತ್ತ ನೇಗಿಲು ಹೊಡೆಯದೆ ಬೇಡ, ಪಕ್ಕದ ಹೊಲದವನಿಗೆ ಹೇಳದೆ ಬೇಡ, ಪೂರ್ತಿ ಆರುವವರೆಗೆ ಮನೆಗೆ ಹೋಗುವುದು ಬೇಡ.

ಪಕ್ಕದ ಹೊಲದವನು ಎಂದಾಗ ಉತಾರದಲ್ಲಿ ಹೆಸರಿರುವವನು ಮಾತ್ರ ನೆನಪಾಗುತ್ತಾನೆ. ಕಬ್ಬಿನ ಹಂಗಾಮಿನಲ್ಲಿ ಕಡಿಯಲು ಬರುವ ಗ್ಯಾಂಗಿನವರು ಹೊಲದ ಅಂಚಿನಲ್ಲಿಯೇ ರವದಿಯ ಗುಡಿಸಲು ಹಾಕಿರುತ್ತಾರೆ. ದ್ರಾಕ್ಷಿ ತೋಟದ ಕಾವಲಿನ ಕುಟುಂಬ ಪತ್ರಾಸಿನ ಕೆಳಗೆ ಪ್ಲಾಸ್ಟಿಕ್ ಕಟ್ಟಿಕೊಂಡು ಇರುತ್ತದೆ. ನಮ್ಮ ಮನೆ ಕಲ್ಲಿನದು, ಅವರದು ಉರುವಲಿನದೇ. ತಾಯಿತಂದೆ ನಸುಕಿನಲ್ಲಿ ಕಡಿಯಲು ಹೋದಾಗ ಒಳಗೆ ಮಲಗಿರುವುದು ಮಕ್ಕಳು. ಹೊಲದ ಒಡೆಯರು ಮಾಡಬಹುದಾದದ್ದು ಹೆಚ್ಚೇನಿಲ್ಲ: ಗುಡಿಸಲಿಗೆ ಕಬ್ಬಿನ ಅಂಚಿನಿಂದ ದೂರ, ಹೊಡೆದ ನೆಲದಲ್ಲಿ ಜಾಗ ತೋರಿಸುವುದು, ಗುಡಿಸಲು ಗುಡಿಸಲಿನ ನಡುವೆ 12 ಹೆಜ್ಜೆ ಬಿಡಿಸುವುದು, ಒಲೆ ಹೊರಗೆ ಗಾಳಿಮರೆಗೆ ಹಾಕಿಸುವುದು, ಒಂದು ಪೀಪಾಯಿ ನೀರು ಕೊಡುವುದು, ಯಾರದಾದರೂ ಒಂದು ಫೋನ್ ನಂಬರನ್ನು ಅವರಲ್ಲಿ ಇಡುವುದು. ‘ನಮ್ಮ ಮನೆ’ ಎಂದು ಹೆಜ್ಜೆ ಎಣಿಸುವಾಗ ಆ ಗುಡಿಸಲಿನ ಗೋಡೆಯಿಂದಲೂ ಎಣಿಸಬೇಕು.

ಬೆಂಕಿ ಬಂದೇಬಿಟ್ಟರೆ

ಮೊದಲು ಮನುಷ್ಯರು, ಆಮೇಲೆ ದನ, ಆಮೇಲೆ ಉಳಿದದ್ದು. 112ಕ್ಕೋ 101ಕ್ಕೋ ಫೋನ್ ಮಾಡಿ, ಊರು, ವಸ್ತಿಯ ಗುರುತು, ಯಾವ ರಸ್ತೆಯಿಂದ ಒಳಗೆ ಬರಬೇಕು ಎಂದು ಬಿಡಿಸಿ ಹೇಳಿರಿ. ಒಬ್ಬ ಹುಡುಗನನ್ನು ಡಾಂಬರು ರಸ್ತೆಗೆ ಕಳಿಸಿ ನಿಲ್ಲಿಸಿರಿ. ಹೊಲದ ದಾರಿಗಳಿಗೆ ಬೋರ್ಡು ಇರುವುದಿಲ್ಲ.

ಮುದುಕರು, ಬಾಣಂತಿಯರು, ಮಕ್ಕಳನ್ನು ಹೊಗೆ ದಟ್ಟವಾಗುವ ಮುಂಚೆಯೇ ಕಳಿಸಿಬಿಡಬೇಕು. 2009ರ ಫೆಬ್ರವರಿ 7ರಂದು ಆಸ್ಟ್ರೇಲಿಯಾದಲ್ಲಿಯೇ ಮತ್ತೆ ಬೆಂಕಿ ಎದ್ದು 173 ಜನ ಸತ್ತಾಗ, ಮನೆ ಕಾಯುತ್ತೇವೆಂದು ನಿಂತವರೂ, ಕೊನೆಯ ಗಳಿಗೆಯಲ್ಲಿ ಓಡಿದವರೂ ಸತ್ತವರಲ್ಲಿದ್ದರು. ಬೇಗ ಹೋಗುವುದೇ ಒಳ್ಳೆಯದೆಂದು ಆ ಬಳಿಕ ಅಲ್ಲಿ ಒತ್ತಿ ಹೇಳಲಾಗುತ್ತಿದೆ. ಓಡುವಾಗ ಗಾಳಿ ಬೀಸುವ ಕಡೆಗೇ ಓಡಬೇಡಿರಿ, ಬೆಂಕಿಯೂ ಅತ್ತಲೇ ಬರುತ್ತದೆ. ಅಡ್ಡಕ್ಕೆ, ನೇಗಿಲು ಹೊಡೆದ ಹೊಲಕ್ಕೆ ಅಥವಾ ಸುಟ್ಟು ಆರಿದ ನೆಲಕ್ಕೆ ಹೋಗಿರಿ. ಕಬ್ಬಿನೊಳಗೆ ಹೊಕ್ಕವರಿಗೆ ದಿಕ್ಕೇ ತಿಳಿಯುವುದಿಲ್ಲ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಕ್ಕೆ ಇಳಿಯುವುದು ಬೇಡ. ಅದರ ಅಂಚು ಜಾರುತ್ತದೆ, ಇಳಿದವರು ಹತ್ತಲಾರರು. ಹೊಂಡ ಇರುವವರು ಇಂದೇ ಅದಕ್ಕೆ ಗಂಟು ಹಾಕಿದ ಹಗ್ಗ ಇಳಿಬಿಡಲಿ.

ಹೊರಗೆ ಹೋಗಲು ದಾರಿಯೇ ಇಲ್ಲದಿದ್ದರೆ ಕಲ್ಲುಗೋಡೆಯ ಮನೆಯೊಳಗೆ ಸೇರಿ, ಕಿಟಕಿ ಬಾಗಿಲು ಮುಚ್ಚಿ, ಬಾಗಿಲ ಸಂದಿಗೆ ತೋಯಿಸಿದ ಬಟ್ಟೆ ಒತ್ತಿ, ನೆಲಕ್ಕೆ ಹತ್ತಿರ ಕೂಡಿರಿ. ಹೊಲದ ಬೆಂಕಿ ಒಂದು ಜಾಗದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಗುಡಿಸಲು, ಶೆಡ್ಡುಗಳಲ್ಲಿ ಮಾತ್ರ ನಿಲ್ಲಲೇಬಾರದು. ನೈಲಾನ್ ಸೀರೆ, ಟೆರಿಲಿನ್ ಅಂಗಿ ಮೈಗೆ ಅಂಟಿ ಸುಡುತ್ತವೆ. ದಪ್ಪ ಹತ್ತಿಬಟ್ಟೆ, ಕಾಲಿಗೆ ಚಪ್ಪಲಿಯ ಬದಲು ಬೂಟು ಇರಲಿ.

ದನಗಳ ಹಗ್ಗ ಬಿಚ್ಚಲು ಹೊತ್ತು ಸಿಗುವುದಿಲ್ಲ. ಕೊಟ್ಟಿಗೆಯ ಕಂಬಕ್ಕೆ ಯಾವಾಗಲೂ ಒಂದು ಕುಡುಗೋಲು ಸಿಕ್ಕಿಸಿಟ್ಟಿರಿ, ಕೊಯ್ದು ಬಿಡಿರಿ. ಬಿಟ್ಟ ಮೇಲೆ ಬಾಗಿಲು ಹಾಕಿರಿ, ಗಾಬರಿಯಾದ ದನ ಮತ್ತೆ ಕೊಟ್ಟಿಗೆಗೇ ನುಗ್ಗುವುದುಂಟು. ಮೈ ಸುಟ್ಟವರಿಗೆ ಹರಿಯುವ ತಣ್ಣೀರನ್ನು 20 ನಿಮಿಷ ಹಾಕಬೇಕು. ಮಸಿ, ಟೂತ್‌ಪೇಸ್ಟ್, ಸಗಣಿ, ಎಣ್ಣೆ ಯಾವುದೂ ಬೇಡ. 108ಕ್ಕೆ ಫೋನ್ ಮಾಡಿರಿ.

ಬೆಂಕಿ ಆರಿದ ಮೇಲೆ

ಜನ ಚದುರುತ್ತಾರೆ, ಎಲ್ಲ ಮುಗಿಯಿತೆನಿಸುತ್ತದೆ. ಎಷ್ಟೋ ಮನೆಗಳು ಹೋಗುವುದು ಆಗಲೇ. ಆ ರಾತ್ರಿ ಯಾರಾದರೂ ಎಚ್ಚರವಿದ್ದು ತಾಸಿಗೊಮ್ಮೆ ಮಾಳಿಗೆ, ಕೊಟ್ಟಿಗೆ, ತಿಪ್ಪೆ, ಬೇಲಿ ನೋಡಿ ಬರಬೇಕು. ಮಣ್ಣಿನ ಮಾಳಿಗೆಯ ಕೆಳಗೆ ಜಂತಿಯ ಮೇಲೆ ಹಾಸಿದ ಕಟ್ಟಿಗೆಯ ಚೂರುಗಳಲ್ಲಿ ಕೆಂಡ ಎರಡು ಮೂರು ದಿನವೂ ಅಡಗಿರಬಹುದು. ಹಾಗೆಂದು ಮಾಳಿಗೆಯ ಮೇಲೆ ಕೊಡಗಟ್ಟಲೆ ನೀರು ಸುರಿದರೆ, ನೆನೆದ ಮಣ್ಣಿನ ಭಾರಕ್ಕೆ ಸುಟ್ಟ ತೊಲೆ ಮುರಿದು ಬೀಳುತ್ತದೆ. ಹೊಗೆ ಕಂಡ ಜಾಗವನ್ನೇ ಬಗೆದು ನೀರು ಹಾಕಬೇಕು, ಕೆಳಗೆ ಯಾರೂ ನಿಂತಿರಬಾರದು. ಕಾದ ಕಲ್ಲಿಗೆ ತಣ್ಣೀರು ಎರಚಿದರೆ ಬಿರಿಯುತ್ತದೆ. ಉರಿದ ಬಣವೆಯನ್ನು ಹತ್ತಬೇಡಿರಿ, ಒಳಗೆ ಪೊಳ್ಳಾಗಿ ಕೆಂಡ ತುಂಬಿರುತ್ತದೆ. ಸಿಮೆಂಟಿನ ಶೀಟುಗಳು ಕಾದು ಸಿಡಿದಿದ್ದರೆ ಚೂರುಗಳ ಮೇಲೆ ನೀರು ಚಿಮುಕಿಸಿಯೇ ಎತ್ತಿರಿ. ಅದರ ಧೂಳು ಎದೆಗೆ ಕೆಡುಕು.

ಕರೆಂಟಿನ ಮೇನ್ ಸ್ವಿಚ್ಚನ್ನು ತಿಳಿದವರು ವೈರಿಂಗ್ ನೋಡುವವರೆಗೂ ಹಾಕಬೇಡಿರಿ. ಬೆಂಕಿಗೆ ಸಿಕ್ಕ ಗ್ಯಾಸ್ ಸಿಲಿಂಡರನ್ನು ಮತ್ತೆ ಬಳಸಬಾರದು. ಸೋರಿಕೆಗೆ 1906 ನಂಬರಿದೆ. ಔಷಧದ ಗೋಡಾನು ಸುಟ್ಟಿದ್ದರೆ ಆ ನೀರು ಹರಿದು ಸೇರಿದ ಬಾವಿಯ ನೀರನ್ನು ಜನರೂ ದನಗಳೂ ಕುಡಿಯುವಂತಿಲ್ಲ. ಕೀಟನಾಶಕದ ಹೊಗೆ ಹೊಡೆದ ಜೋಳ, ಒಣದ್ರಾಕ್ಷಿಯ ವಿಷಯದಲ್ಲಿ ಆಸೆ ಬಿಡುವುದೇ ಲೇಸು.

ಮನಸ್ಸು ತಡೆಯದೆ ಎಲ್ಲರೂ ಮಾಡುವ ಒಂದು ತಪ್ಪೆಂದರೆ ಮರುದಿನವೇ ಎಲ್ಲ ಗುಡಿಸಿ ಸ್ವಚ್ಛ ಮಾಡುವುದು. ತಾಳಿರಿ. ಮೊದಲು ಫೋಟೊ ತೆಗೆಯಿರಿ. ಗ್ರಾಮ ಆಡಳಿತಾಧಿಕಾರಿ (ನಮ್ಮ ಬಾಯಲ್ಲಿ ಇನ್ನೂ ತಲಾಟಿ) ಬಂದು ಪಂಚನಾಮೆ ಮಾಡಲಿ. ಪೊಲೀಸ್ ಠಾಣೆಗೆ ತಿಳಿಸಿರಿ. ಸತ್ತ ದನವನ್ನು ಪಶುವೈದ್ಯರು ನೋಡಿ ಬರೆದುಕೊಡುವ ಮುಂಚೆ ಹೂಳಬೇಡಿರಿ. ಬೆಂಕಿಯೂ ಸರ್ಕಾರದ ವಿಪತ್ತು ಪರಿಹಾರದ ಪಟ್ಟಿಯಲ್ಲಿದೆ. ಮನೆ ಹೋದವರು ತಹಶೀಲ್ದಾರರಿಗೂ, ಬಣವೆ ಸುಟ್ಟವರು ರೈತ ಸಂಪರ್ಕ ಕೇಂದ್ರಕ್ಕೂ ಅರ್ಜಿ ಕೊಡಬೇಕು. ತಂತಿಯ ಕಿಡಿಯಿಂದ ಆಗಿದ್ದರೆ ಹೆಸ್ಕಾಂಗೆ ಬರೆದುಕೊಟ್ಟು, ವಿದ್ಯುತ್ ಪರಿವೀಕ್ಷಕರ ತನಿಖೆ ಕೇಳಿರಿ. ಮೊದಲೇ ಬರೆದುಕೊಟ್ಟಿದ್ದ ದೂರಿನ ಪ್ರತಿ ಆಗ ಕೆಲಸಕ್ಕೆ ಬರುತ್ತದೆ. ಉತಾರ, ಆಧಾರ್, ಬ್ಯಾಂಕಿನ ಪುಸ್ತಕ ಎಲ್ಲದರ ಒಂದೊಂದು ಪ್ರತಿಯನ್ನು ಊರಿನ ಇನ್ನೊಂದು ಮನೆಯಲ್ಲಿ ಇಟ್ಟಿರುವುದು ಜಾಣತನ. ಜ್ಞಾನಸ್ನಾನದ, ಮದುವೆಯ ಪತ್ರಗಳು ಸುಟ್ಟಿದ್ದರೆ ಚಿಂತೆ ಬೇಡ. ನಡೆದ ಗುಡಿಯ ದಾಖಲೆ ಪುಸ್ತಕದಲ್ಲಿ ಇರುತ್ತವೆ, ಮತ್ತೆ ಬರೆಸಿಕೊಳ್ಳಬಹುದು.

ಬಣವೆ ಸುಟ್ಟವರಿಗೆ ಮೊದಲು ಬೇಕಾದದ್ದು ಹಣವಲ್ಲ, ಆ ಸಂಜೆಯ ಮೇವು. ಮಳೆಯಾಗಿ ಹಸಿರು ಬರಲು ಇನ್ನೂ ಮೂರು ತಿಂಗಳಿದ್ದರೆ, ಆ ರೈತ ಎತ್ತುಗಳನ್ನು ಸಂತೆಗೆ ಹೊಡೆದು ಸಿಕ್ಕ ಬೆಲೆಗೆ ಮಾರುತ್ತಾನೆ. ಬೆಂಕಿಗಿಂತ ದೊಡ್ಡ ನಷ್ಟ ಅದು. ಮನೆಗೆ ಹತ್ತು ಸೂಡು ಕಣಕಿ ಎಂದು ಊರವರು ಕೂಡಿಸಿ ಒಂದು ಗಾಡಿ ತಂದು ಹಾಕಿದರೆ ಎತ್ತು ಉಳಿಯುತ್ತವೆ. ಮಕ್ಕಳು ಕೆಲವು ರಾತ್ರಿ ಬೆಚ್ಚಿ ಏಳುತ್ತಾರೆ, ಹೊಗೆ ಕಂಡರೆ ಅಳುತ್ತಾರೆ. ಗದರಿಸಬೇಡಿರಿ, ಅವರ ಬಾಯಿಂದಲೇ ಆ ದಿನದ ಕಥೆ ಹೇಳಿಸಿರಿ.

ಮನೆಯವರೆಲ್ಲ ಕೂಡಿ

ಈ ಭಾನುವಾರ ಸಂಜೆ ಮಕ್ಕಳನ್ನು ಕರೆದುಕೊಂಡು ಗೋಡೆಯಿಂದ ಹೆಜ್ಜೆ ಎಣಿಸಿರಿ. 2 ಹೆಜ್ಜೆಯೊಳಗೆ ಏನೇನಿದೆ? ಬಣವೆ ಎಷ್ಟನೆಯ ಹೆಜ್ಜೆಗೆ ಸಿಕ್ಕಿತು? ಅಜ್ಜಿಯನ್ನು ಯಾರು ಕರೆದುಕೊಂಡು ಹೊರಡುವುದು, ದನ ಯಾರು ಬಿಡುವುದು, ಎಲ್ಲರೂ ಎಲ್ಲಿ ಸೇರುವುದು? ಕಳೆದ ವರ್ಷ ನಾವು ರವದಿಗೆ ಬೆಂಕಿ ಹಚ್ಚಿದಾಗ ಪಕ್ಕದವರಿಗೆ ಹೇಳಿದ್ದೆವೇ? ನಮ್ಮ ತೋಟದ ಶೆಡ್ಡಿನಲ್ಲಿ ಇರುವವರ ನೀರಿನ ಪೀಪಾಯಿ ಈಗ ತುಂಬಿದೆಯೇ, ಹೋಗಿ ನೋಡಿ ಬನ್ನಿರಿ.